ಕೊಲ್ಲಾಪುರ ಗುರಿ ಮುಟ್ಟಿತು, ಕೊಪ್ಪಳ ಯಾವಾಗ?

ಜನವರಿ ಬಂತೆಂದರೆ ಕೊಪ್ಪಳದಲ್ಲಿ ಗವಿಮಠದ ಜಾತ್ರೆ. ತೇರು ನೋಡಿದ್ದಾಯಿತು, ದಾಸೋಹದಲ್ಲಿ ಉಂಡಿದ್ದಾಯಿತು, ಮಿಠಾಯಿ ಕಟ್ಟಿಸಿದ್ದೂ ಆಯಿತು. ಊರಿಗೆ ಹೊರಡುವ ಮುಂಚೆ ಹುಡುಗರು ತಪ್ಪದೆ ನಿಲ್ಲುವ ಜಾಗ ಇನ್ನೊಂದಿದೆ. ಹಲಗೆಗೆ ಸಾಲಾಗಿ ಬಲೂನು ಕಟ್ಟಿ, ಕೈಗೆ ಏರ್‌ಗನ್ ಕೊಡುವ ಅಂಗಡಿ ಅದು. ಆ ಬಂದೂಕಿನ ನಳಿಗೆ ನೆಟ್ಟಗಿರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಆದರೂ ಸೊಟ್ಟ ನಳಿಗೆಯ ಲೆಕ್ಕ ಹಿಡಿದು ಹತ್ತಕ್ಕೆ ಒಂಬತ್ತು ಬಲೂನು ಒಡೆಯುವ ಹುಡುಗ ಒಬ್ಬನಾದರೂ ಅಲ್ಲಿ ಇದ್ದೇ ಇರುತ್ತಾನೆ. ಸುತ್ತ ನಿಂತವರು "ಭಲೇ ತಮ್ಮಾ!" ಅನ್ನುತ್ತಾರೆ. ಅಂಗಡಿಯವನ ಮುಖ ಹುಳ್ಳಗಾಗುತ್ತದೆ. ಹುಡುಗ ಯಲಬುರ್ಗಾದ ಬಸ್ಸೋ ಕುಷ್ಟಗಿಯ ಬಸ್ಸೋ ಹತ್ತಿ ಹೋಗುತ್ತಾನೆ. ಅವನ ಗುರಿಯೂ ಅಲ್ಲಿಗೇ ಮುಗಿಯಿತು.

ಮುಂದೆ ಏನು? ಆ ಹುಡುಗನಿಗೆ ಆಸೆ ಹುಟ್ಟಿತು ಎನ್ನೋಣ. ಗಂಗಾವತಿ ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು "ಕಾಕಾ, ಶೂಟಿಂಗ್ ಕಲಿಸೋ ಜಾಗ ಎಲ್ಲೈತ್ರೀ?" ಎಂದು ಕೇಳಿದರೆ ಬರುವ ಉತ್ತರವೇನು? "ಆನೆಗೊಂದಿ ಕಡೆ ಹೋಗಪಾ, ಅಲ್ಲಿ ಯಾವುದರ ಪಿಕ್ಚರ್ ಶೂಟಿಂಗ್ ನಡದಿರ್ತೈತಿ!" ತಪ್ಪು ಆ ಕಾಕಾನದಲ್ಲ. ಈ ಭಾಗದಲ್ಲಿ ಶೂಟಿಂಗ್ ಅಂದರೆ ಸಿನಿಮಾ, ಬಂದೂಕು ಅಂದರೆ ಪೊಲೀಸು. ಎರಡರ ನಡುವೆ ಅದೊಂದು ಆಟವೂ ಹೌದು ಎಂಬುದನ್ನು ಯಾರೂ ಬಂದು ಹೇಳಿಲ್ಲ.

ಹೇಳಬೇಕಾದವರು ಯಾರು? ಭಾರತ ರಾಷ್ಟ್ರೀಯ ರೈಫಲ್ ಸಂಸ್ಥೆಯವರು.

ಮಹಾರಾಜರಿಂದ ಟಿಕೆಟ್ ಕಲೆಕ್ಟರ್‌ವರೆಗೆ

ಈ ಸಂಸ್ಥೆ ಹುಟ್ಟಿದ್ದು 1951ರಲ್ಲಿ. ಮೊದಲ ಅಧ್ಯಕ್ಷರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್. ಬಂದೂಕಿನ ಆಟ ಆಗ ದೊಡ್ಡ ಮನೆತನಗಳ ಆಟವಾಗಿತ್ತು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದರು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ದಿಲ್ಲಿಯ ತುಘಲಕಾಬಾದಿನಲ್ಲಿ ಕಟ್ಟಿದ ರೇಂಜಿಗೆ ಅವರದೇ ಹೆಸರಿದೆ.

ಆಮೇಲೆ ಕಾಲ ತಿರುಗಿತು. 2004ರಲ್ಲಿ ಅಥೆನ್ಸಿನಲ್ಲಿ ಸೇನೆಯ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು; ಒಬ್ಬಂಟಿ ಆಟಗಳಲ್ಲಿ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಅವರಿಗೆ ಬೆಳ್ಳಿ, ಗಗನ್ ನಾರಂಗ್ ಅವರಿಗೆ ಕಂಚು ಬಂತು.

ನಂತರ ಬಿದ್ದದ್ದು ಎರಡು ಸೊನ್ನೆ. 2016ರ ರಿಯೋದಲ್ಲಿ ಒಂದೂ ಪದಕವಿಲ್ಲ. ಬಿಂದ್ರಾ ಅವರ ನೇತೃತ್ವದಲ್ಲೇ ಒಂದು ವಿಚಾರಣಾ ಸಮಿತಿಯಾಯಿತು. ನಡೆದುಕೊಂಡು ಬಂದ ಪದ್ಧತಿ ಬದಲಾಗಲೇಬೇಕೆಂದು ಅದು ಖಡಾಖಂಡಿತವಾಗಿ ಹೇಳಿತು. ಆದರೂ 2021ರಲ್ಲಿ ನಡೆದ ಟೋಕಿಯೋ ಕೂಟಕ್ಕೆ 15 ಮಂದಿ ಹೋಗಿ ಬರಿಗೈಲಿ ಬಂದರು. ಹೋಗುವ ಮುಂಚೆಯೇ ಆಟಗಾರ್ತಿ ಮತ್ತು ಕೋಚ್ ನಡುವಿನ ಮುನಿಸು ಪೇಪರಿಗೆ ಬಂದಿತ್ತು. ಅದೇ ಮನು ಭಾಕರ್, ಅದೇ ಕೋಚ್ ಜಸ್ಪಾಲ್ ರಾಣಾ ಮತ್ತೆ ಒಂದಾದ ಮೇಲೆ 2024ರ ಪ್ಯಾರಿಸ್‌ನಲ್ಲಿ ಮನು ಎರಡು ಕಂಚು ತಂದರು, ಅದರಲ್ಲಿ ಒಂದು ಸರಬ್‌ಜೋತ್ ಸಿಂಗ್ ಜೊತೆಗೂಡಿ. ಮೂರನೆಯ ಕಂಚು ತಂದವರು ಸ್ವಪ್ನಿಲ್ ಕುಸಾಳೆ.

ಕೊಪ್ಪಳ ಜಿಲ್ಲೆಯವರು ಗಟ್ಟಿಯಾಗಿ ನೆನಪಿಡಬೇಕಾದ ಹೆಸರು ಈ ಮೂರನೆಯದು.

ಪಕ್ಕದ ಮನೆಯ ಪಾಠ

ಕುಸಾಳೆ ಯಾವ ಸಂಸ್ಥಾನದ ರಾಜಕುಮಾರನೂ ಅಲ್ಲ. ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಕಂಬಳವಾಡಿ ಎಂಬ ಹಳ್ಳಿಯವರು. ತಂದೆ ಶಾಲಾ ಮಾಸ್ತರು. ಮಹಾರಾಷ್ಟ್ರ ಸರಕಾರ 'ಕ್ರೀಡಾ ಪ್ರಬೋಧಿನಿ' ಎಂಬ ಯೋಜನೆ ನಡೆಸುತ್ತದೆ. ಮಕ್ಕಳನ್ನು ಆರಿಸಿ, ಇಟ್ಟುಕೊಂಡು, ಓದಿನ ಜೊತೆಗೆ ಆಟ ಕಲಿಸುವ ಏರ್ಪಾಡು. 2009ರಲ್ಲಿ ಹುಡುಗನನ್ನು ತಂದೆ ಅಲ್ಲಿಗೆ ಸೇರಿಸಿದರು. ಅಲ್ಲಿ ಬಂದೂಕು ಕೈಗೆ ಬಂತು. 2015ರಲ್ಲಿ ಮಧ್ಯ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಕೆಲಸವೂ ಸಿಕ್ಕಿತು. ಒಂಬತ್ತು ವರ್ಷದ ಮೇಲೆ 50 ಮೀಟರ್ ರೈಫಲ್‌ನಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆಯಲ್ಲಿ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದರು.

ಇದು ಒಬ್ಬರ ಅದೃಷ್ಟ ಎಂದು ತಳ್ಳಿಹಾಕುವಂತಿಲ್ಲ. 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೊಲ್ಲಾಪುರದವರು. 2018ರ ಏಷ್ಯನ್ ಕೂಟದಲ್ಲಿ ಪಿಸ್ತೂಲಿನ ಚಿನ್ನ ಗೆದ್ದ ರಾಹಿ ಸರ್ನೋಬತ್ ಕೂಡ ಕೊಲ್ಲಾಪುರದವರೇ. ಬೆಳಗಾವಿ ದಾಟಿದರೆ ಸಿಗುವ ಊರು. ಕಬ್ಬು, ಬೆಲ್ಲ, ಕುಸ್ತಿ, ಚಪ್ಪಲಿಗೆ ಹೆಸರಾದ ಜಿಲ್ಲೆ ಬಂದೂಕಿನಲ್ಲೂ ಹೆಸರು ಮಾಡಿತು. ಭತ್ತ, ದಾಳಿಂಬೆ, ಕಿನ್ನಾಳದ ಗೊಂಬೆಗೆ ಹೆಸರಾದ ಜಿಲ್ಲೆ ಯಾಕೆ ಮಾಡಬಾರದು?

ಕರ್ನಾಟಕದಲ್ಲಿ ಗುರಿಕಾರರೇ ಇಲ್ಲವೆಂದಲ್ಲ. ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕೂಟದಲ್ಲಿ ಟಿ.ಎಸ್. ದಿವ್ಯಾ ಸರಬ್‌ಜೋತ್ ಜೊತೆ ಸೇರಿ ಬೆಳ್ಳಿ ಗೆದ್ದರು. ಇಬ್ಬರೂ ಬೆಂಗಳೂರಿನವರು. ಬೆಂಗಳೂರು ಕೊಪ್ಪಳದಿಂದ ಒಂದು ರಾತ್ರಿಯ ಬಸ್ ಪ್ರಯಾಣ. ಎಂಟನೇ ಕ್ಲಾಸಿನ ಹುಡುಗಿ ವಾರಕ್ಕೊಮ್ಮೆ ಆ ಬಸ್ಸು ಹತ್ತಲು ಆಗುತ್ತದೆಯೇ?

ಏಣಿಗೆ ಕೆಳಗಿನ ಮೆಟ್ಟಿಲೇ ಇಲ್ಲ

ರೈಫಲ್ ಸಂಸ್ಥೆಯ ಕಾಗದದ ಮೇಲಿನ ವ್ಯವಸ್ಥೆ ಚೆನ್ನಾಗಿಯೇ ಇದೆ. ಕ್ಲಬ್ಬು ಮತ್ತು ಜಿಲ್ಲಾ ಸಂಸ್ಥೆ, ಅದರ ಮೇಲೆ ರಾಜ್ಯ ಸಂಸ್ಥೆ, ಅದರ ಮೇಲೆ ದಿಲ್ಲಿ. ರಾಜ್ಯ ಮಟ್ಟದಲ್ಲಿ ಗೆದ್ದವರು ಮಾವಳಂಕರ್ ಹೆಸರಿನ ಸ್ಪರ್ಧೆಗೆ, ಅಲ್ಲಿಂದ ರಾಷ್ಟ್ರೀಯ ಸ್ಪರ್ಧೆಗೆ, ಅಲ್ಲಿಂದ ಭಾರತ ತಂಡದ ಆಯ್ಕೆಗೆ. ಆಟಗಾರರ ಲೈಸೆನ್ಸಿಗೆ ಶಿಫಾರಸು, ವಿದೇಶದಿಂದ ಮದ್ದುಗುಂಡು ತರಿಸುವುದು, ಇವೂ ಅದೇ ಸಂಸ್ಥೆಯ ಕೈಯಲ್ಲಿ. ಅಂದರೆ ಬೀಗವೂ ಅದರದೇ, ಕೀಲಿಕೈಯೂ ಅದರದೇ.

ಆದರೆ ಏಣಿಯ ಕೆಳಗಿನ ಮೆಟ್ಟಿಲು ನೆಲಕ್ಕೆ ತಾಗದಿದ್ದರೆ ಹತ್ತುವವರು ಯಾರು? ದಿಲ್ಲಿಯಲ್ಲಿ ರೇಂಜು ಎಷ್ಟು ಥಳಥಳಿಸಿದರೇನು, ಯಲಬುರ್ಗಾದ ಹುಡುಗನಿಗೆ ಅರ್ಜಿ ಎಲ್ಲಿ ಕೊಡಬೇಕೆಂಬುದೇ ತಿಳಿಯದಿದ್ದರೆ? ಸಂಸ್ಥೆಯ ಮುಂದಿನ ದಿನಗಳ ಪರೀಕ್ಷೆ ಇರುವುದು ಇಲ್ಲಿ. ಪದಕ ಎಷ್ಟು ಬಂತು ಎನ್ನುವುದು ಒಂದು ಲೆಕ್ಕ. ಎಷ್ಟು ತಾಲ್ಲೂಕಿನ ಮಕ್ಕಳು ಗುರಿ ಗೆರೆಯ ಮುಂದೆ ನಿಂತರು ಎನ್ನುವುದು ಅದಕ್ಕಿಂತ ದೊಡ್ಡ ಲೆಕ್ಕ.

"ಅಲ್ರೀ, ಮಕ್ಕಳ ಕೈಗೆ ಬಂದೂಕು ಕೊಡೋದು ಸರಿನಾ?" ಎಂದು ಅಂಗಡಿಕಟ್ಟೆಯ ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಈ ಸೀಮೆಗೆ ಆಯುಧದ ಮಾತು ಹೊಸದಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಇಂಗ್ಲಿಷರಿಗೆ ಹಲಗಲಿಯ ಬೇಡರು ತಿರುಗಿ ನಿಂತರು. 1858ರಲ್ಲಿ ಮುಂಡರಗಿ ಭೀಮರಾಯರು ಇದೇ ಕೊಪ್ಪಳದ ಕೋಟೆಯಲ್ಲಿ ಕಾದಾಡುತ್ತ ಮಡಿದರು. ಆ ಕಾಲ ಬೇರೆ, ಆ ಬಂದೂಕು ಬೇರೆ. ಈಗ ಚುನಾವಣೆ ಬಂತೆಂದರೆ ರೈತರು ಬೆಳೆ ಕಾಯಲು ಇಟ್ಟುಕೊಂಡ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರುವ ಕಾಲ. ಬಂದೂಕಿನ ಬಗ್ಗೆ ಭಯ ಇರುವುದು ಒಳ್ಳೆಯದೇ.

ಆದರೆ ಆಟದ ಏರ್ ರೈಫಲ್ಲಿನಲ್ಲಿ ಮದ್ದಿಲ್ಲ, ಗಾಳಿಯ ಒತ್ತಡವಷ್ಟೇ. 4.5 ಮಿಲಿಮೀಟರಿನ ಸೀಸದ ಗುಂಡು. ಹತ್ತು ಮೀಟರ್ ದೂರ, ಅಂದರೆ 33 ಅಡಿ. ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು, ಪೆನ್ನಿನ ಮೊನೆಯಿಂದ ಇಟ್ಟ ಚುಕ್ಕೆಯಷ್ಟು! ಅದಕ್ಕೆ 60 ಗುಂಡು. ಇದು ತೋಳ್ಬಲದ ಆಟವಲ್ಲ. ಉಸಿರು ಹಿಡಿದು, ಮನಸ್ಸು ನಿಲ್ಲಿಸುವ ಆಟ. ನಳಿಗೆಯ ಬಾಯಿ ಗುರಿಯ ಕಡೆಗಲ್ಲದೆ ಬೇರೆ ಕಡೆ ತಿರುಗಬಾರದು ಎಂಬುದು ಮೊದಲ ದಿನದ ಪಾಠ. ಏರ್‌ಗನ್ ತಂದು ಗುಬ್ಬಿ, ಪಾರಿವಾಳ, ಬೀದಿನಾಯಿಗೆ ಹೊಡೆಯುವ ಪುಂಡಾಟ ನಿಲ್ಲಬೇಕಾದರೂ ಗುರುವಿನ ಮುಂದೆ ಕಲಿಯುವ ಜಾಗ ಬೇಕು. ಕಲಿಯದ ಕೈಗಿಂತ ಕಲಿತ ಕೈ ವಾಸಿ.

ಎರಡನೆಯ ಮಾತು ದುಡ್ಡಿನದು. ಸ್ಪರ್ಧೆಗೆ ಬೇಕಾದ ವಿದೇಶಿ ರೈಫಲ್ಲಿಗೆ ಲಕ್ಷಗಟ್ಟಲೆ ಬೆಲೆ. ದಿನಗೂಲಿಯ ಮನೆಯವರು ಎಲ್ಲಿಂದ ತರಬೇಕು? ನಿಜ. ಆದರೆ ಪ್ರತಿ ಮನೆಗೊಂದು ರೈಫಲ್ ಬೇಕಿಲ್ಲ. ನಾಲ್ಕು ರೈಫಲ್, ನಾಲ್ಕು ಪಿಸ್ತೂಲು ಇದ್ದರೆ ಸರದಿ ಮೇಲೆ ನಲವತ್ತು ಮಕ್ಕಳು ಕಲಿಯಬಹುದು. ಗಂಗಾವತಿಯಲ್ಲಿ ಅಕ್ಕಿ ಗೋದಾಮಿಗೆ ಬರವಿಲ್ಲ. ಐವತ್ತು ಅಡಿ ಉದ್ದದ ಒಂದು ಗೋದಾಮು, ಗಟ್ಟಿ ಹಿಂಗೋಡೆ, ಗುಂಡು ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಒಳ್ಳೆಯ ಬೆಳಕು, ಒಬ್ಬ ಕಲಿತ ಕೋಚ್. ಏರ್ ರೈಫಲ್ ಶುರುಮಾಡಲು ಇಷ್ಟು ಸಾಕು. ನಿಗದಿತ ಶಕ್ತಿಯ ಮಿತಿಯೊಳಗಿನ ಏರ್ ರೈಫಲ್ಲಿಗೆ ಬಂದೂಕಿನ ಲೈಸೆನ್ಸಿನ ಓಡಾಟವೂ ಇಲ್ಲ.

ಯಾರು ಏನು ಮಾಡಬೇಕು?

ರಾಷ್ಟ್ರೀಯ ಸಂಸ್ಥೆ ಪ್ರತಿ ರಾಜ್ಯ ಸಂಸ್ಥೆಗೂ ಒಂದು ಪ್ರಶ್ನೆ ಹಾಕಬೇಕು: ನಿಮ್ಮ ಎಷ್ಟು ಜಿಲ್ಲೆಗಳಲ್ಲಿ ಹತ್ತು ಮೀಟರ್ ರೇಂಜು ನಡೆಯುತ್ತಿದೆ? ಹಳೆಯ ರೈಫಲ್ಲುಗಳನ್ನು ಹಿಂದುಳಿದ ಜಿಲ್ಲೆಗಳಿಗೆ ಕೊಡಿಸಬೇಕು. ತಿಂಗಳಿಗೆ ಒಮ್ಮೆಯಾದರೂ ಕೋಚ್ ಬಂದು ಹೋಗುವಂತೆ ಮಾಡಬೇಕು. ಅರ್ಜಿ, ನಿಯಮಾವಳಿ ಕನ್ನಡದಲ್ಲಿ ಸಿಗಬೇಕು.

ರಾಜ್ಯ ಸರಕಾರದ ಕ್ರೀಡಾ ಇಲಾಖೆ ತನ್ನ ಕ್ರೀಡಾ ವಸತಿ ನಿಲಯಗಳಲ್ಲಿ ಈ ಆಟಕ್ಕೂ ಜಾಗ ಕೊಡಬೇಕು. ಮಹಾರಾಷ್ಟ್ರ ಮಾಡಿ ತೋರಿಸಿದ್ದು ಅದನ್ನೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಬರುತ್ತದೆ. ಅದರಲ್ಲಿ ಒಂದು ಏರ್ ರೈಫಲ್ ಕೋಣೆಯ ಖರ್ಚು ಉಪ್ಪಿನಕಾಯಿಗೂ ಸಾಲದು. ಎನ್‌ಸಿಸಿ ಕೆಡೆಟ್‌ಗಳು ಕ್ಯಾಂಪಿನಲ್ಲಿ ಗುಂಡು ಹಾರಿಸುತ್ತಾರೆ. ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ. ಅಲ್ಲಿ ಕೈ ಸ್ಥಿರ ಇದ್ದವರನ್ನು ಗುರುತಿಸಿ ಮುಂದಕ್ಕೆ ಕಳಿಸಿದರೆ ಅರ್ಧ ಕೆಲಸ ಮುಗಿದಂತೆ.

ವ್ಯಾಪಾರಿಗಳದೂ ಪಾಲಿದೆ. ಕಬಡ್ಡಿ, ಕ್ರಿಕೆಟ್ ಕಪ್ಪಿಗೆ ಬಜಾರದವರು ಚಂದಾ ಕೊಡುವುದಿಲ್ಲವೇ? ಒಂದು ವರ್ಷ ಅದರಲ್ಲಿ ಒಂದು ಪಾಲು ಗುಂಡಿನ ಡಬ್ಬಿಗೆ ಹೋಗಲಿ. ಪದಕ ಬರದಿದ್ದರೂ ನಷ್ಟವಿಲ್ಲ. ಆಟದ ಕೋಟಾದಲ್ಲಿ ರೈಲ್ವೆ, ಪೊಲೀಸು, ಸೇನೆಯ ಕೆಲಸ ಸಿಗುತ್ತದೆ. ಕುಷ್ಟಗಿಗೂ 2025ರಲ್ಲಿ ರೈಲು ಬಂತು. ಟಿಕೆಟ್ ಕೇಳುವ ಕೋಟಿನಲ್ಲಿ ನಾಳೆ ಈ ಜಿಲ್ಲೆಯದೇ ಒಬ್ಬ ಒಲಿಂಪಿಕ್ ಆಟಗಾರ ನಿಲ್ಲಬಾರದೆಂದು ಯಾವ ಶಾಸನದಲ್ಲಿ ಬರೆದಿದೆ?

ದಿಲ್ಲಿಯಲ್ಲೂ ಗಾಳಿ ಬದಲಾಗುತ್ತಿದೆ. 2024ರಲ್ಲಿ ಸಂಸ್ಥೆಗೆ ಕಾಳಿಕೇಶ್ ನಾರಾಯಣ್ ಸಿಂಗ್ ದೇವ್ ಹೊಸ ಅಧ್ಯಕ್ಷರಾಗಿ ಚುನಾಯಿತರಾದರು. 2025ರಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿತು. ಕ್ರೀಡಾ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಹೆಂಗಸರಿಗೂ ಹೆಸರು ಮಾಡಿದ ಆಟಗಾರರಿಗೂ ಸ್ಥಾನ ಕಡ್ಡಾಯವಾಗುತ್ತದೆ. ಒಳ್ಳೆಯದೇ. ಆದರೆ ಕುರ್ಚಿ ಬದಲಾದ ಮಾತ್ರಕ್ಕೆ ಕುಷ್ಟಗಿಗೆ ರೇಂಜು ಬರುವುದಿಲ್ಲ. ಕೇಳಿದವರಿಗೆ ಮಾತ್ರ ಬರುತ್ತದೆ. ಅಳುವ ಕೂಸಿಗೇ ಹಾಲು. ಜಿಲ್ಲೆಯ ಶಾಸಕರು, ಸಂಸದರು ಒಂದು ಕಾಗದ ಬರೆಯಲಿ. ಶಾಲಾ ಮಾಸ್ತರರು ಹುಡುಗರ ಪಟ್ಟಿ ಮಾಡಲಿ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ ಇದು. ಕೇಳದೆ ಯಾವುದೂ ಬರಲಿಲ್ಲವೆಂಬುದು ಇಲ್ಲಿಯ ಹಿರಿಯರಿಗೆ ಗೊತ್ತು. ಮುಂದಿನ ಜಾತ್ರೆಯಲ್ಲೂ ಬಲೂನು ಅಂಗಡಿ ಬರುತ್ತದೆ. ಸೊಟ್ಟ ನಳಿಗೆಯಿಂದ ಹತ್ತಕ್ಕೆ ಒಂಬತ್ತು ಹೊಡೆಯುವ ಹುಡುಗನೂ ಬರುತ್ತಾನೆ. "ಭಲೇ ತಮ್ಮಾ" ಎಂದವರು ಅವನ ಊರು, ಹೆಸರು, ಶಾಲೆ ಕೇಳಿ ಬರೆದುಕೊಳ್ಳಲಿ. ಆದರೆ ಬರೆದುಕೊಂಡ ಹೆಸರನ್ನು ಯಾರ ಕೈಗೆ ಕೊಡಬೇಕು? ಈ ಪ್ರಶ್ನೆಗೆ ಸಂಬಂಧಪಟ್ಟವರು ಜಾತ್ರೆಯ ಒಳಗೆ ಉತ್ತರ ಕೊಡುವರೇ?