ಹಕ್ಕುಗಳಿಗೂ ಒಂದು ಪಿರಿಯಡ್ ಇರಲಿ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬರುವುದಕ್ಕೆ 9 ವರ್ಷ ಮೊದಲೇ, 2003ರಲ್ಲಿ, ಗೋವಾ ತನ್ನದೇ ಮಕ್ಕಳ ಕಾಯ್ದೆ ಮಾಡಿಕೊಂಡಿತು. ಶಾಲೆಯಲ್ಲಿ ಹೊಡೆಯುವುದನ್ನು ಅದು ನಿಷೇಧಿಸಿತು. ಮಕ್ಕಳ ಪ್ರಕರಣಗಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕೆಂದಿತು. ಇಷ್ಟು ಗಟ್ಟಿ ಕಾಯ್ದೆಯ ವಿಷಯ ಮಕ್ಕಳಿಗೇ ತಿಳಿಯದಿದ್ದರೆ ಹೇಗೆ?

ಕಾಯ್ದೆಯ ಕಲಂಗಳನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಕಥೆ, ಆಟಗಳ ಮೂಲಕ ತಿಳಿಸಬೇಕು.

ಪಣಜಿಯಲ್ಲಿ 2005ರಲ್ಲಿ ಶುರುವಾದ ಬುಕ್‌ವರ್ಮ್ ಗ್ರಂಥಾಲಯ ಶಾಲೆಗಳಿಗೇ ಪುಸ್ತಕ ಒಯ್ಯುತ್ತದೆ, ಕಥೆ ಓದಿ ಮಕ್ಕಳನ್ನು ಮಾತಿಗೆಳೆಯುತ್ತದೆ. ಕಥೆಯ ಹುಡುಗಿಗೆ ಆದ ಅನ್ಯಾಯದ ಬಗ್ಗೆ ಮಾತಾಡಿದ ಮಗುವಿಗೆ ತನ್ನ ಸಂಕಟ ಹೇಳಿಕೊಳ್ಳುವುದೂ ಸುಲಭವಾಗುತ್ತದೆ. ಆಟಕ್ಕೂ ಅದೇ ಶಕ್ತಿಯಿದೆ. ಯುರೋಪ್ ಮಂಡಳಿ 2007ರಲ್ಲಿ ತಂದ 'ಕಾಂಪಸಿಟೊ' ಕೈಪಿಡಿ ಮಕ್ಕಳ ಹಕ್ಕನ್ನು ಆಟ, ಚಟುವಟಿಕೆಗಳಲ್ಲೇ ಕಲಿಸುತ್ತದೆ. ನಮ್ಮಲ್ಲಿ ಅಂಥ ಆಟಕ್ಕೆ ರಟ್ಟಿನ ಚೀಟಿಗಳು ಸಾಕು. ಕುಡಿಯುವ ನೀರು, ಮೊಬೈಲು, ಶಾಲೆ, ಐಸ್‌ಕ್ರೀಂ, ಆಟದ ಬಯಲು ಎಂದು ಬರೆದು ಹಂಚಿ, ಒಂದೊಂದನ್ನೇ ಬಿಟ್ಟುಕೊಡಲು ಹೇಳಿ. ಯಾವುದನ್ನು ಬಿಡಲಾಗದು ಎಂಬ ಜಗಳ ಶುರುವಾಯಿತೆಂದರೆ ಹಕ್ಕಿನ ಪಾಠವೂ ಶುರುವಾಯಿತು.

ಗೋವಾದ ವಾಸ್ಕೊ, ಝುವಾರಿನಗರಗಳಲ್ಲಿ ದುಡಿಯಲು ಬಂದ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಹಿಂದಿ. ಅವ್ವ ಅಪ್ಪ ಕೆಲಸಕ್ಕೆ ಹೋದ ಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ತಪ್ಪಿಸುವ ಹುಡುಗಿಗೆ, ಶಿಕ್ಷಣ ತನ್ನ ಹಕ್ಕು ಎಂಬುದು ಅವಳ ಭಾಷೆಯಲ್ಲೇ ತಲುಪಬೇಕು. ಗೋವಾ ಶಿಕ್ಷಣ ಇಲಾಖೆ ವಾರಕ್ಕೊಂದು ಪಿರಿಯಡ್ ಇಂಥ ಕಥೆ, ಆಟಗಳಿಗೆ ಮೀಸಲಿಡಲಿ. ಕರ್ನಾಟಕ ಸರ್ಕಾರ ಕನ್ನಡ ಕಥೆ ಪುಸ್ತಕಗಳನ್ನು ಕಳಿಸಿಕೊಡಲಿ. ಆಟದ ಚೀಟಿಗಳಲ್ಲಿ ಒಂದರ ಮೇಲೆ 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆಯೂ ಇರಲಿ.