ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿದವನು ಮೋಟಾರು ರಿಪೇರಿಯ ಬಗ್ಗೆ ಬರೆಯಹೊರಟಿರುವುದನ್ನು ಕಂಡು ನಿಮಗೆ ನಗು ಬಂದೀತು. ನಗಿರಿ; ಆದರೆ ಕೊನೆಯವರೆಗೆ ಓದಿರಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಕಳೆದ ನವೆಂಬರಿನಲ್ಲಿ ನಾನು, ನನ್ನಾಕೆ ಮತ್ತು ಮಗ ಉಡುಪಿಯಲ್ಲಿ ನೆಂಟರ ಮನೆಯ ಮದುವೆ ಮುಗಿಸಿಕೊಂಡು ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ಮಗನದು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ತಿರುವುಗಳನ್ನು ಏರತೊಡಗಿದೊಡನೆ ಅದು ಬಿಕ್ಕಳಿಸಲಾರಂಭಿಸಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕುಲುಕಾಟ ಹೆಚ್ಚು. ಕಾಲು ಸಡಿಲಿಸಿದರೆ ಶಾಂತ. ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಮಿಟುಕುತ್ತಿತ್ತು. ಒಂದು ಕಡೆ ಕಂದರ, ಬೆನ್ನ ಹಿಂದೆ ಬಸ್ಸಿನ ಹಾರನ್ನು. ನನ್ನಾಕೆ ಕಣ್ಣು ಮುಚ್ಚಿ ಕುಳಿತಿದ್ದಳು. ಹೇಗೋ ಮೇಲೆ ತಲುಪಿದೆವು.

ಮರುದಿನ ಕಾರನ್ನು ಒಂದು ಸರ್ವಿಸ್ ಕೇಂದ್ರಕ್ಕೆ ಒಯ್ದೆವು. ಅಲ್ಲಿನ ಯುವಕ ಸ್ಕ್ಯಾನರ್ ಜೋಡಿಸಿ 'ಪಿ 0302' ಎಂಬ ಸಂಕೇತವನ್ನು ಓದಿದ. ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದು ಅದರರ್ಥ. ಮೂರೂ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದರು. ವಾರದೊಳಗೆ ಕುಲುಕಾಟ ಮರಳಿತು. ಎರಡನೆಯ ಸಲ ಇಂಜೆಕ್ಟರ್ ಬದಲಾಯಿತು. ಮತ್ತೆ ಅದೇ ಕಥೆ. ಮೂರನೆಯ ಸಲ, ಟರ್ಬೊವನ್ನೇ ಬದಲಿಸಿ ನೋಡೋಣವೇ ಎಂದರು. ಅಷ್ಟರಲ್ಲಿ ಹತ್ತೊಂಬತ್ತು ಸಾವಿರ ರೂಪಾಯಿ ಕೈಬಿಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ?

ನಾನು ಆ ಯುವಕನನ್ನು ದೂರುವುದಿಲ್ಲ. ಅವನಿಗೆ ಕಲಿಸಿರುವುದೇ ಅಷ್ಟು. ಸಂಕೇತವನ್ನು ಓದುವುದು ಬೇರೆ, ರೋಗವನ್ನು ಅರಿಯುವುದು ಬೇರೆ. ಪ್ರತಿಯೊಂದು ಸಿಲಿಂಡರಿನ ದಹನವೂ ಕ್ರಾಂಕ್ ದಂಡಕ್ಕೆ ಒಂದು ನೂಕು ಕೊಡುತ್ತದೆ. ಯಾವುದೋ ಒಂದು ನೂಕು ತಪ್ಪಿದರೆ ದಂಡದ ವೇಗ ಕ್ಷಣಮಾತ್ರ ಇಳಿಯುತ್ತದೆ. ಕಾರಿನ ಕಂಪ್ಯೂಟರ್ ಗುರುತಿಸುವುದು ಈ ಇಳಿತವನ್ನು. ನಾಡಿ ತಪ್ಪಿತು ಎಂದು ಅದು ಹೇಳಬಲ್ಲುದೇ ಹೊರತು ಏಕೆ ತಪ್ಪಿತು ಎಂದು ಹೇಳಲಾರದು. ಕಿಡಿ ಹಾರದಿರಬಹುದು, ಪೆಟ್ರೋಲ್ ಸಾಲದಿರಬಹುದು, ವಾಲ್ವ್ ಸೋರಿ ಒತ್ತಡ ಕುಗ್ಗಿರಬಹುದು.

ಕೊನೆಗೆ ಕಾರು ಸೇರಿದ್ದು ತೀರ್ಥಹಳ್ಳಿ ರಸ್ತೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜನ್ನು. ಹೆಸರು ಬೇಡ, ಅವನಿಗೆ ಸಂಕೋಚವಾದೀತು. ಅವನು ಬಾನೆಟ್ ತೆರೆಯುವ ಮೊದಲು ಸ್ಟೂಲು ಹಾಕಿ ನನ್ನನ್ನು ಕೂರಿಸಿ ಪ್ರಶ್ನೆ ಕೇಳತೊಡಗಿದ. ಯಾವಾಗ ಆಗುತ್ತದೆ? ಏರಿನಲ್ಲಿ ಮಾತ್ರವೇ? ನಿಂತಾಗ ಇಂಜಿನ್ ನುಣ್ಣಗೆ ಓಡುತ್ತದೆಯೇ? ಪ್ರತಿ ಸಲವೂ ಅದೇ ಸಂಕೇತವೇ?

ಉತ್ತರಗಳನ್ನು ಕೇಳಿಕೊಂಡು ಹೀಗೆ ತರ್ಕಿಸಿದ. ಟರ್ಬೊ ಅಥವಾ ಅದರ ಗಾಳಿಯ ಕೊಳವೆ ಸೋರಿದ್ದರೆ, ಪೆಟ್ರೋಲ್ ಪಂಪು ಸೋತಿದ್ದರೆ, ಮೂರು ಸಿಲಿಂಡರುಗಳೂ ನರಳಬೇಕಿತ್ತು. ಇಲ್ಲಿ ನರಳುತ್ತಿರುವುದು ಒಂದೇ. ವಾಲ್ವ್ ಸೋರಿದ್ದರೆ ಸಾಮಾನ್ಯವಾಗಿ ನಿಂತಾಗಲೂ ನಡುಕ ಕಾಣುತ್ತದೆ, ಇಲ್ಲಿ ಇಲ್ಲ. ಆದುದರಿಂದ ಸಂಶಯ ಕಿಡಿಯ ಮೇಲೆ. ಅವನು ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿದ. ಬೇರೇನನ್ನೂ ಮುಟ್ಟಲಿಲ್ಲ. ಸಂಕೇತವನ್ನು ಅಳಿಸಿ ಏರುದಾರಿಯಲ್ಲಿ ಓಡಿಸಿಕೊಂಡು ಬಂದ. ಈಗ ಬಂದದ್ದು 'ಪಿ 0303'. ರೋಗವು ಕಾಯಿಲಿನೊಡನೆ ಮನೆ ಬದಲಿಸಿತ್ತು! ಆ ಕಾಯಿಲಿನ ರಬ್ಬರ್ ತೊಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

ಏರಿನಲ್ಲಿ ಮಾತ್ರ ಏಕೆ? ಜರ್ಮನ್ ವಿಜ್ಞಾನಿ ಫ್ರೆಡ್ರಿಕ್ ಪಾಶೆನ್ 1889ರಲ್ಲಿ ತೋರಿಸಿಕೊಟ್ಟಂತೆ, ಕಿಡಿ ಹಾರಲು ಬೇಕಾಗುವ ವೋಲ್ಟೇಜು ಅನಿಲದ ಒತ್ತಡ ಮತ್ತು ತುದಿಗಳ ನಡುವಣ ಅಂತರದ ಗುಣಲಬ್ಧವನ್ನು ಅವಲಂಬಿಸಿದೆ. ಘಾಟಿ ಏರುವಾಗ ಟರ್ಬೊ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಆ ದಟ್ಟ ಮಿಶ್ರಣವನ್ನು ಸೀಳಿ ಹಾರುವುದಕ್ಕಿಂತ ಬಿರುಕಿನಿಂದ ಹೊರಗೆ ಜಾರುವುದು ವಿದ್ಯುತ್ತಿಗೆ ಸುಲಭ. ಹೊಸ ಪ್ಲಗ್ ಹಾಕಿ ಪ್ರಯೋಜನವೇನು, ಕಿಡಿ ಅಲ್ಲಿಗೆ ತಲುಪಿದರೆ ತಾನೇ?

"ಇದನ್ನೆಲ್ಲ ಎಲ್ಲಿ ಕಲಿತೆಯಪ್ಪಾ?" ಎಂದೆ. "ನೀವೇ ಹೇಳಿದ್ದಲ್ಲವೇ ಸರ್, ಒಂದು ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಬೇಕು ಎಂದು" ಎಂದ.

ಹೌದು, ಹೇಳಿದ್ದೆ. ನೋಟ್ಸ್ ಬರೆಸುವಾಗ ಹೇಳಿದ್ದೆ. ಅದನ್ನು ಅಕ್ಷರ ತಪ್ಪದೆ ಪರೀಕ್ಷೆಯಲ್ಲಿ ಬರೆದವರಿಗೆ ಎರಡು ಅಂಕ ಕೊಟ್ಟಿದ್ದೆ. ಈ ಹುಡುಗ ತರಗತಿಯಲ್ಲಿ "ಅದರಿಂದಲೇ ಆಯಿತೆಂದು ಹೇಗೆ ಗೊತ್ತು ಸರ್?" ಎಂದು ಪದೇ ಪದೇ ಎದ್ದು ನಿಲ್ಲುತ್ತಿದ್ದ. ಪಾಠ ಮುಗಿಸುವ ಆತುರದಲ್ಲಿ ಗದರಿಸಿ ಕೂರಿಸುತ್ತಿದ್ದೆ. ವಿಜ್ಞಾನದಲ್ಲಿ ನಪಾಸಾದಾಗ ಅವನ ತಂದೆಯನ್ನು ಕರೆಸಿ, ಇವನಿಗೆ ವಿದ್ಯೆ ಹತ್ತುವುದಿಲ್ಲ, ಕೆಲಸಕ್ಕೆ ಹಚ್ಚಿ ಎಂದೆ. ಅವನು ಅದನ್ನು ಮರೆತಿದ್ದಾನೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಯಂತ್ರವಾಗಲಿ ಮಗುವಾಗಲಿ, ಎಲ್ಲಿ ಎಡವಿತೆಂದು ಕೇಳಿ ತಿಳಿಯದೆ ಮದ್ದು ಕೊಡುವುದು ಅಪರಾಧ. ಸ್ಕ್ಯಾನರ್ ಬೇಡವೆನ್ನುವುದಿಲ್ಲ, ಅದಿಲ್ಲದಿದ್ದರೆ ಎರಡನೆಯ ಸಿಲಿಂಡರೆಂದು ತಿಳಿಯುತ್ತಲೇ ಇರಲಿಲ್ಲ. ಆದರೆ ಅದು ವಿಚಾರಣೆಯ ಆರಂಭ, ತೀರ್ಪಲ್ಲ. ಅಂಕಪಟ್ಟಿಯೂ ಅಷ್ಟೇ.

ಕಾರುಳ್ಳವರಿಗೆ ಎರಡು ಮಾತು. ದೀಪ ಮಿಟುಕಿದರೆ ಕಾಲು ಸಡಿಲಿಸಿ, ಸುರಕ್ಷಿತ ಸ್ಥಳ ನೋಡಿ ನಿಲ್ಲಿಸಿ. ಸುಡದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಹಾಳುಗೆಡವುತ್ತದೆ. ಆ ಖರ್ಚು ಕಾಯಿಲಿನ ಹಲವು ಪಟ್ಟು. ಆ ದಿನ ನಾವು ಘಾಟಿಯುದ್ದಕ್ಕೂ ಒತ್ತಿಕೊಂಡು ಬಂದದ್ದು ಅವಿವೇಕ. ಎರಡನೆಯದು, ಯಾವಾಗ, ಎಷ್ಟು ವೇಗದಲ್ಲಿ, ಇಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ ಎಂಬುದನ್ನು ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತಿಳಿಸಿ.

ಕೆಲಸ ಮುಗಿದ ಮೇಲೆ ಅವನು ಹೊಸ ಕಾಯಿಲಿನ ಬೆಲೆ ಮಾತ್ರ ತೆಗೆದುಕೊಂಡ. ಕೂಲಿಯೆಂದು ಚಾಚಿದ ಹಣವನ್ನು ಮುಟ್ಟಲಿಲ್ಲ. ಮುಂದಿನ ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದೇನೆ. ಅಂದಾದರೂ ಹೇಳಬೇಕೆಂದಿರುವ ಮಾತೊಂದಿದೆ.

ಇಂತು ನಿಮ್ಮ ಮೇಷ್ಟ್ರು