ಮದುವೆಯ ಮನೆಯಲ್ಲಿ ಬರಹದ ಮೇಜು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಈ ಎರಡು ಕೆಲಸಗಳಿಗೆ ತಗಲುವ ಹಣದ ವಿಚಾರವನ್ನು ಎಲ್ಲರೂ ಆಡುತ್ತಾರೆ. ವೇಳೆಯ ವಿಚಾರವನ್ನು ಆಡುವವರು ಕಡಮೆ. ಸಾಲವನ್ನು ತೀರಿಸಬಹುದು, ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳಬಹುದು. ಆದರೆ ಮದುವೆಯ ಸಿದ್ಧತೆಯ ಗದ್ದಲದಲ್ಲಿ ಕೈಬಿಟ್ಟುಹೋದ ಬರಹದ ಅಭ್ಯಾಸವನ್ನಾಗಲಿ, ಬೆಳಗಿನ ತಿರುಗಾಟದ ರೂಢಿಯನ್ನಾಗಲಿ ಬಿಡಿಸಿ ತರುವುದು ಅಷ್ಟು ಸುಲಭವಲ್ಲ. ಈ ವಾರ ನಾನು ವಾಚಕರೊಡನೆ ಆಡಬೇಕೆಂದಿರುವ ಮಾತು ಈ ನಷ್ಟವನ್ನು ಕುರಿತದ್ದು.

ಸಾಹಿತ್ಯದ ಪುಟದಲ್ಲಿ ಮದುವೆಯ ಪ್ರಸ್ತಾಪವೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಪತ್ರಿಕೆಯ ಮೇಜಿನ ಬಳಿ ಕುಳಿತವನಿಗೆ ಬರಹಗಾರರ ಬೆಳವಣಿಗೆ ಕಾಣುವಂತೆಯೇ ಅವರ ಮೌನವೂ ಕಾಣುತ್ತದೆ. ಎರಡು ಮೂರು ವರ್ಷ ತಪ್ಪದೆ ಕತೆ ಕವಿತೆಗಳನ್ನು ಕಳುಹಿಸುತ್ತಿದ್ದವರು, ಇನ್ನೇನು ಕೈ ಪಳಗಿತು ಎನ್ನುವ ಹೊತ್ತಿಗೆ, ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ. ವಿಚಾರಿಸಿದರೆ, ಮದುವೆ ಗೊತ್ತಾಯಿತು, ಆಮೇಲೆ ಬರೆಯುತ್ತಾರೆ ಎಂಬ ಉತ್ತರ ಬರುತ್ತದೆ. ಗಂಡಸಾದರೆ ಆರು ತಿಂಗಳಲ್ಲಿ ಅವರ ಬರಹ ಮತ್ತೆ ಬರುವುದುಂಟು. ಹೆಂಗಸಾದರೆ ಆ ‘ಆಮೇಲೆ’ ಎಂಬುದು ಎಷ್ಟೋ ವೇಳೆ ಬರುವುದೇ ಇಲ್ಲ.

ಬೆಂಗಳೂರಿನ ಪಶ್ಚಿಮದ ಬಡಾವಣೆಗಳನ್ನೇ ತೆಗೆದುಕೊಳ್ಳೋಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ—ಇವು ಸಂಬಳದ ಮೇಲೆ ಬಾಳುವ ಮಧ್ಯಮವರ್ಗದವರು ಬಹುವಾಗಿ ನೆಲಸಿರುವ ಸ್ಥಳಗಳು. ಇಲ್ಲಿ ಒಂದು ಮದುವೆ ನಿಶ್ಚಯವಾಯಿತೆಂದರೆ ಕಲ್ಯಾಣಮಂಟಪವನ್ನು ತಿಂಗಳುಗಟ್ಟಲೆ ಮುಂಚೆಯೇ ಹಿಡಿದಿಡಬೇಕು. ಆಮೇಲೆ ಅಡಿಗೆಯವರು, ಹೂವಿನವರು, ಛಾಯಾಚಿತ್ರದವರು, ಸೀರೆಯ ಅಂಗಡಿ, ಚಿನ್ನದ ಅಂಗಡಿ. ಲಗ್ನಪತ್ರಿಕೆಯನ್ನು ಕೈಪೆಟ್ಟಿಗೆಯ ದೂರವಾಣಿಯಲ್ಲಿ ಕ್ಷಣದಲ್ಲಿ ಕಳುಹಿಸಬಹುದಾದರೂ ಮನೆಗೆ ಬಂದು ಅಕ್ಷತೆಯೊಡನೆ ಕರೆಯದಿದ್ದರೆ ನೆಂಟರಿಗೆ ಮುನಿಸು. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಯವರೆಗೆ ಬಂದು ದಾರಿಯ ಹೊತ್ತು ಉಳಿಯಿತು, ನಿಜ. ಉಳಿದ ಹೊತ್ತಿನಲ್ಲಿ ಇನ್ನೆರಡು ಮನೆಗೆ ಹೋಗಿ ಬಂದರಾಯಿತು ಎಂದು ಪಟ್ಟಿಯನ್ನು ಬೆಳೆಸಿದವರು ನಾವೇ! ಹೀಗೆ ಭಾನುವಾರಗಳೆಲ್ಲ ಕರಗುತ್ತವೆ. ದುಡಿಯುವ ಜನರಿಗೆ ಬರೆಯುವುದಕ್ಕೂ ಬಯಲಿಗೆ ಹೋಗುವುದಕ್ಕೂ ಇದ್ದದ್ದು ಆ ಭಾನುವಾರಗಳು ಮಾತ್ರ.

ಬಯಲೆಂಬುದು ಈ ಭಾಗದಲ್ಲಿ ಇನ್ನೂ ಪೂರ್ತಿ ಬರಿದಾಗಿಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯ ಆವರಣ ಸಾವಿರ ಎಕರೆಗೂ ಮಿಕ್ಕದ್ದು. ಅಲ್ಲಿ ಮರಗಳ ನಡುವೆ ನಡೆಯಬಹುದು, ಹಕ್ಕಿಗಳನ್ನು ನೋಡಬಹುದು. ಅದರ ಮಗ್ಗುಲಿಗೆ ಮಲ್ಲತ್ತಹಳ್ಳಿಯ ಕೆರೆ, ಕಲಾಗ್ರಾಮ. ಜಿ. ಎಸ್. ಶಿವರುದ್ರಪ್ಪನವರ ಅಂತ್ಯಸಂಸ್ಕಾರ 2013ರಲ್ಲಿ, ಯು. ಆರ್. ಅನಂತಮೂರ್ತಿಯವರದು 2014ರಲ್ಲಿ ನಡೆದದ್ದು ಆ ಕಲಾಗ್ರಾಮದ ನೆಲದಲ್ಲಿ. ಕೆಂಗೇರಿಯಿಂದ ಮುಂದೆ ಹೋದರೆ ದೊಡ್ಡ ಆಲದ ಮರ. ಮಾಗಡಿ ರಸ್ತೆಯನ್ನು ಹಿಡಿದರೆ ಸಾವನದುರ್ಗದ ಬಂಡೆ. ಬರಹಗಾರನಿಗೆ ಇದು ಕೇವಲ ವಿನೋದವಲ್ಲ. ಕುವೆಂಪು ಅವರು ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದ ನಡಿಗೆ ಅವರ ಕಾವ್ಯಕ್ಕೆ ಏನನ್ನು ಕೊಟ್ಟಿತೆಂಬುದು ಸಹೃದಯರಿಗೆ ತಿಳಿದದ್ದೇ. ಕಾಲು ನಡೆಯದಿದ್ದರೆ ಕೈಯೂ ನಡೆಯದು ಎನ್ನುವುದು ಈ ವೃತ್ತಿಯಲ್ಲಿ ಬಹುಮಂದಿಯ ಅನುಭವ.

ಮದುವೆ, ಬರಹ, ಬಯಲು ಈ ಮೂರನ್ನೂ ಒಂದೇ ಬಾಳಿನಲ್ಲಿ ಹೊಂದಿಸಿಕೊಂಡವರು ಕನ್ನಡದಲ್ಲಿ ಯಾರು ಎಂದರೆ ಪೂರ್ಣಚಂದ್ರ ತೇಜಸ್ವಿಯವರ ಹೆಸರು ತಾನಾಗಿ ಬರುತ್ತದೆ. 1966ರಲ್ಲಿ ಕುಪ್ಪಳಿಯಲ್ಲಿ ಅವರಿಗೂ ರಾಜೇಶ್ವರಿಯವರಿಗೂ ಮದುವೆ ನಡೆಯಿತು. ತಂದೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಹಿರಿಯರ ಮುಂದೆ ಗಂಡು ಹೆಣ್ಣು ಸಮಾನರಾಗಿ ನಿಂತು ಮಾಡುವ ಸಂಕಲ್ಪವೇ ಮದುವೆ. ಈ ಸರಳತೆಯಿಂದ ಹಣ ಉಳಿಯಿತೆಂದು ಎಲ್ಲರೂ ಹೊಗಳುತ್ತಾರೆ. ಬಾಳಿನ ಲಯವೂ ಉಳಿಯಿತೆಂಬುದನ್ನು ನಾನು ಅದಕ್ಕೆ ಸೇರಿಸುತ್ತೇನೆ. ಮೂಡಿಗೆರೆಯಲ್ಲಿ ಕಾಫಿ ತೋಟ, ಮೀನಿನ ಗಾಳ, ಹಕ್ಕಿಗಳ ಛಾಯಾಗ್ರಹಣ—ಇವುಗಳ ನಡುವೆಯೇ 1980ರಲ್ಲಿ ‘ಕರ್ವಾಲೊ’ ಬಂತು, ಆಮೇಲೆ ‘ಚಿದಂಬರ ರಹಸ್ಯ’ ಬಂತು. ತೋಟ ಬೇರೆ, ಗಾಳ ಬೇರೆ, ಬರಹ ಬೇರೆ ಎಂದು ಅವರು ಬಾಳನ್ನು ಹಂಚಲಿಲ್ಲ. ಒಂದರ ನೀರು ಇನ್ನೊಂದಕ್ಕೆ ಹರಿಯಿತು.

ಆದರೆ ಚಿತ್ರದ ಇನ್ನೊಂದು ಪಾರ್ಶ್ವವನ್ನೂ ನೋಡಬೇಕು. ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಎಂಬ ಗ್ರಂಥ ನಮ್ಮ ಕೈಸೇರಿದ್ದು ತೇಜಸ್ವಿಯವರು 2007ರಲ್ಲಿ ತೀರಿಕೊಂಡ ಮೇಲೆ. ಅದನ್ನು ಓದಿದವರಿಗೆ ಇಂಥ ಲೇಖನಿ ಇಷ್ಟು ಕಾಲ ಎಲ್ಲಿತ್ತು ಎನಿಸದಿರದು. ಎಂ. ಕೆ. ಇಂದಿರಾ ಅವರು 1917ರಲ್ಲಿ ಹುಟ್ಟಿದವರು. ಹನ್ನೆರಡನೆಯ ವಯಸ್ಸಿಗೆ ಮದುವೆಯಾದವರು. ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಪ್ರಕಟವಾಯಿತು. ‘ಫಣಿಯಮ್ಮ’ನನ್ನು ಕನ್ನಡಕ್ಕೆ ಕೊಟ್ಟ ಲೇಖಕಿ ನಲವತ್ತೈದು ದಾಟುವವರೆಗೆ ಕಾಯಬೇಕಾಯಿತು. ಇಬ್ಬರೂ ಕೊನೆಗೆ ಬರೆದರು. ಅದು ನಮ್ಮ ಪುಣ್ಯ. ಬರೆಯದೆ ಹೋದವರ ಲೆಕ್ಕವನ್ನು ಯಾವ ಸಾಹಿತ್ಯಚರಿತ್ರೆಯೂ ಇಟ್ಟಿಲ್ಲ.

ಹಾಗೆಂದ ಮಾತ್ರಕ್ಕೆ ಎಲ್ಲರೂ ಮಂತ್ರಮಾಂಗಲ್ಯವನ್ನೇ ಮಾಡಿಕೊಳ್ಳಬೇಕೆಂದು ನಾನು ವಾದಿಸುವುದಿಲ್ಲ. ತಾಯಿತಂದೆಗಳಿಗೆ ಮಗಳ ಮದುವೆಯನ್ನು ನಾಲ್ಕು ಜನರ ಮುಂದೆ ಮಾಡಬೇಕೆಂಬ ಆಸೆ ಇರುವುದು ಸಹಜ. ಓಲಗದ ಸದ್ದು, ಬಾಳೆಯೆಲೆಯ ಊಟ, ಬಹುಕಾಲದ ಮೇಲೆ ಕಂಡ ಬಂಧುಗಳ ನಗು, ಇವುಗಳಿಗೆ ತಮ್ಮದೇ ಆದ ಬೆಲೆಯುಂಟು. ನನ್ನ ವಾದ ಇಷ್ಟೆ: ದಿನನಿತ್ಯದ ಬಾಳಿನ ಅಳತೆಗೆ ಮದುವೆಯನ್ನು ಹೊಲಿಸಬೇಕೇ ಹೊರತು, ಮದುವೆಯ ಅಳತೆಗೆ ಬಾಳನ್ನು ಕತ್ತರಿಸಬಾರದು. 1954ರ ವಿಶೇಷ ವಿವಾಹ ಕಾಯಿದೆ ಕೇಳುವುದು ಮೂವತ್ತು ದಿನಗಳ ತಿಳಿವಳಿಕೆಯನ್ನು, ಮೂವರು ಸಾಕ್ಷಿಗಳನ್ನು. ಮಿಕ್ಕ ತಿಂಗಳುಗಳೆಲ್ಲ ನಾವಾಗಿ ಕೂಡಿಸಿಕೊಂಡವು. ನಾವು ಕೂಡಿಸಿದ್ದನ್ನು ನಾವೇ ಕಳೆಯಲೂ ಬಹುದು.

ಪಂಚಾಂಗವೇ ಇದಕ್ಕೆ ಅನುಕೂಲವಾಗಿದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ನಮ್ಮಲ್ಲಿ ಲಗ್ನಗಳಿಲ್ಲ. ಆಷಾಢದ ಮೋಡದ ಮಧ್ಯಾಹ್ನ ಮೇಜಿನ ಮುಂದೆ ಕೂರುವುದಕ್ಕೆಂದೇ ಬಂದಂತಿರುತ್ತದೆ. ಧನುರ್ಮಾಸದ ಮಂಜಿನ ಬೆಳಗು ಬೆಂಗಳೂರಿನಲ್ಲಿ ನಡೆಯುವುದಕ್ಕೆ ಅತ್ಯಂತ ಹಿತವಾದದ್ದು; ಚಳಿಗಾಲದ ವಲಸೆ ಹಕ್ಕಿಗಳು ಕೆರೆಗಳಲ್ಲಿ ಇರುವ ಕಾಲವೂ ಅದೇ. ಈ ಎರಡು ತಿಂಗಳುಗಳನ್ನು ಅಂಗಡಿ ಬೀದಿಗೆ ಒಪ್ಪಿಸದೆ ಇಟ್ಟುಕೊಂಡರೆ ಅರ್ಧ ಗೆದ್ದಂತೆ. ಉಳಿದ ದಿನಗಳಲ್ಲಿ ಬೆಳಗಿನ ಒಂದು ಗಂಟೆಯನ್ನು ಯಾರೂ ಮುಟ್ಟಬಾರದು. ಭಾನುವಾರಗಳಲ್ಲಿ ಒಂದನ್ನು ನೆಂಟರಿಗೆ ಕೊಟ್ಟರೆ ಮುಂದಿನದನ್ನು ಬೆಟ್ಟಕ್ಕೆ ಕೊಡಬೇಕು. ಕರೆಯುವ ಮನೆಗಳ ಪಟ್ಟಿಯನ್ನು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಟ್ಟಿಗೆ ಕುಳಿತು ಒಂದೇ ಸಲ ಮುಗಿಸಿ, ಮತ್ತೆ ತೆರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಸಂಬಳ ಕೇಳುತ್ತೇವೆ, ಗೋತ್ರ ಕೇಳುತ್ತೇವೆ, ಅಡಿಗೆ ಬರುತ್ತದೆಯೇ ಎಂದು ಇಂದಿಗೂ ಕೆಲವರು ಕೇಳುತ್ತಾರೆ. ನೀನು ಬರೆಯುವ ಹೊತ್ತು ಯಾವುದು, ಆ ಹೊತ್ತಿನಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕು ಎಂದು ಕೇಳಿದ ವರನನ್ನು ನಾನಿನ್ನೂ ಕಂಡಿಲ್ಲ. ಮದುವೆಯ ತಯಾರಿಯ ತಿಂಗಳುಗಳೇ ಮುಂದಿನ ಸಂಸಾರದ ಮೊದಲ ಪಾಠ. ಆಗ ಯಾರ ಪುಸ್ತಕವನ್ನು ಮೊದಲು ಮುಚ್ಚಿಡುತ್ತೇವೋ, ಯಾರ ನಡಿಗೆಯ ಪಾದರಕ್ಷೆಯನ್ನು ಅಟ್ಟಕ್ಕೆ ಹಾಕುತ್ತೇವೋ, ಮುಂದೆಯೂ ಅದೇ ಮನೆಯ ಸಂಪ್ರದಾಯವಾಗುತ್ತದೆ. ಈ ವರ್ಷ ನಮ್ಮ ಬಡಾವಣೆಗಳಲ್ಲಿ ಚಪ್ಪರ ಹಾಕಲಿರುವ ತಾಯಿತಂದೆಗಳಲ್ಲಿ ನನ್ನದೊಂದು ವಿನಂತಿ: ಮಗಳೊಡನೆ ಕಳುಹಿಸುವ ಸಾಮಾನುಗಳಲ್ಲಿ ಅವಳು ಅರ್ಧ ಬರೆದಿಟ್ಟ ಕತೆಯ ಪುಸ್ತಕವನ್ನೂ ಇಡಿ, ಅದನ್ನು ಮುಗಿಸಲು ಅವಳಿಗೆ ಹೊತ್ತು ಬೇಕೆಂದು ಬೀಗರಿಗೆ ನೀವೇ ಬಾಯಿಬಿಟ್ಟು ಹೇಳಿ.